ಎದೆಯ ಮೇಲಿನ ಪಟ್ಟಿ: ಕಲಿತದ್ದಕ್ಕೂ ಒಂದು ಬೇಡವೇ?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಮಿತಿಯಲ್ಲಿರುವ ಸಹಪಾಠಿ ಫೋನ್ ಮಾಡಿದ. "ನೀನು ಸಾಫ್ಟ್‌ವೇರ್‌ನಲ್ಲಿದ್ದೀಯ, ಕಂಪ್ಯೂಟರ್ ಬಗ್ಗೆ ಬರೆ, ಮಕ್ಕಳಿಗೆ ಉಪಯೋಗ ಆಗುತ್ತೆ" ಎಂದ. ಕಂಪ್ಯೂಟರ್ ಬಗ್ಗೆ ಈಗಿನ ಮಕ್ಕಳಿಗೆ ನನಗಿಂತ ಹೆಚ್ಚು ಗೊತ್ತು. ನನ್ನ ತಲೆಯಲ್ಲಿ ಇಪ್ಪತ್ತು ವರ್ಷದಿಂದ ಇನ್ನೊಂದು ಪ್ರಶ್ನೆ ಇದೆ. ಅದು ಹುಟ್ಟಿದ್ದು ಈ ಶಾಲೆಯ ಅಂಗಳದಲ್ಲೇ, ಧ್ವಜದ ಕಂಬದ ಪಕ್ಕದಲ್ಲೇ. ಹಾಗಾಗಿ ಅದನ್ನೇ ಬರೆಯುತ್ತಿದ್ದೇನೆ.

2004ರ ಆಗಸ್ಟ್ 15. ನಾನು ಒಂಬತ್ತನೇ ತರಗತಿ. ಆ ವರ್ಷ ಧ್ವಜಾರೋಹಣಕ್ಕೆ ನಮ್ಮ ಸೋದರಮಾವನನ್ನು ಅತಿಥಿಯಾಗಿ ಕರೆದಿದ್ದರು. ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ, ಅಂದರೆ ಹಲಸೂರು ಕೆರೆಯ ಪಕ್ಕದ ಎಂಇಜಿಯಲ್ಲಿ, 24 ವರ್ಷ ದುಡಿದು ಹವಾಲ್ದಾರರಾಗಿ ನಿವೃತ್ತರಾಗಿ ಬಂದು ಕೆಲವೇ ತಿಂಗಳಾಗಿತ್ತು. ನೀಲಿ ಕೋಟು, ಎಡ ಎದೆಯ ಮೇಲೆ ಪದಕಗಳ ಸಾಲು. ಭಾಷಣ ಮಾಡಲು ಅವರಿಗೆ ಬರುತ್ತಿರಲಿಲ್ಲ. ಎರಡು ಮಾತು ಹೇಳಿ ನಿಂತುಬಿಟ್ಟರು. ಆಗ ನಮ್ಮ ಸಮಾಜ ಪಾಠದ ಮೇಷ್ಟ್ರು ಉಪಾಯ ಮಾಡಿ, "ಒಂದೊಂದು ಪದಕ ಯಾತಕ್ಕೆ ಅಂತ ಮಕ್ಕಳಿಗೆ ಹೇಳಿ ಸಾರ್" ಎಂದರು.

ಮಾವನಿಗೆ ಧೈರ್ಯ ಬಂತು. ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ಹೇಳಿದರು. ಇದು ಸೈನ್ಯ ಸೇವಾ. ಇದು ಹಿಮದ ಎತ್ತರದಲ್ಲಿ ಇದ್ದದ್ದಕ್ಕೆ. ಇದು ಆಪರೇಷನ್ ಪರಾಕ್ರಮ್, ಎರಡು ವರ್ಷದ ಹಿಂದೆ ಗಡಿಗೆ ಹೋಗಿದ್ದೆವಲ್ಲ, ಅದಕ್ಕೆ. ಇದು ಸ್ವಾತಂತ್ರ್ಯದ 50ನೇ ವರ್ಷದ್ದು, 1997ರಲ್ಲಿ ಯಾರು ಯಾರು ಸೇವೆಯಲ್ಲಿದ್ದರೋ ಅವರಿಗೆಲ್ಲ ಕೊಟ್ಟರು. ಇದು 9 ವರ್ಷ ಸೇವೆ ಮುಗಿಸಿದ್ದಕ್ಕೆ, ಇದು 20 ವರ್ಷಕ್ಕೆ.

ನಾನು ಮುಂದಿನ ಸಾಲಲ್ಲಿ ಕೂತಿದ್ದೆ. ಮನೆಯಲ್ಲಿ ಅವರು ಪುಣೆಯ ಕೋರ್ಸ್ ಬಗ್ಗೆ ಹೇಳಿದ್ದು ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಕೈ ಎತ್ತಿ ಕೇಳಿಯೇಬಿಟ್ಟೆ: "ಮಾವ, ಕೋರ್ಸ್ ಪಾಸ್ ಮಾಡಿದ್ದಕ್ಕೆ ಯಾವುದು?"

ಶಾಲೆಯಲ್ಲಿ ಮಾವ ಅಂದದ್ದಕ್ಕೆ ಹುಡುಗರೆಲ್ಲ ನಕ್ಕರು. ಮಾವನೂ ನಕ್ಕರು. "ಅದಕ್ಕೆಲ್ಲ ಇಲ್ಲ ಕಣೋ" ಎಂದರು. ಆಮೇಲೆ ಲಾಡು ಹಂಚಿದರು. ಅಲ್ಲಿಗೆ ಕಾರ್ಯಕ್ರಮ ಮುಗಿಯಿತು.

ಪದಕಗಳ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಸೈನಿಕರು ಪೂರ್ತಿ ಪದಕವನ್ನು ಪರೇಡಿನಂಥ ಸಂದರ್ಭಗಳಲ್ಲಿ ಮಾತ್ರ ತೊಡುತ್ತಾರೆ. ಉಳಿದ ದಿನ ಪದಕ ತೂಗುವ ಬಟ್ಟೆಯ ಬಣ್ಣವನ್ನೇ ಚಿಕ್ಕ ಪಟ್ಟಿ ಮಾಡಿ ಜೇಬಿನ ಮೇಲೆ ಹಾಕಿಕೊಳ್ಳುತ್ತಾರೆ. ಅದೇ ರಿಬ್ಬನ್. ಓದಲು ಬಲ್ಲವರಿಗೆ ಅದೊಂದು ಜಾತಕ. ಎಲ್ಲಿದ್ದ, ಎಷ್ಟು ವರ್ಷ ಇದ್ದ, ಯಾವ ಕಾರ್ಯಾಚರಣೆಗೆ ಹೋದ, ಗಾಯಗೊಂಡನೇ, ಶೌರ್ಯ ತೋರಿದನೇ, ಎಲ್ಲ ಅದರಲ್ಲಿ ಸಿಗುತ್ತದೆ. ಏನು ಕಲಿತ ಎಂಬುದು ಮಾತ್ರ ಸಿಗುವುದಿಲ್ಲ.

ಮಾವ ಕಲಿತದ್ದೇನು ಕಡಿಮೆಯಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ 1980ರಲ್ಲಿ ಸೇರಿದವರು. ಬುಲ್ಡೋಜರ್ ಓಡಿಸಲು ಕಲಿತರು. ಆ ಡೋಜರ್ ನಮ್ಮ ಕೆಜಿಎಫ್‌ನ ಬೆಮೆಲ್ ಕಾರ್ಖಾನೆಯದೇ ಎಂದು ಹೇಳಿಕೊಳ್ಳುವಾಗ ಅವರ ಮುಖ ನೋಡಬೇಕಿತ್ತು. ಊರಲ್ಲಿ ತಯಾರಾದ ಯಂತ್ರ, ಊರಿನ ಹುಡುಗ, ಇಬ್ಬರೂ ಹಿಮಾಲಯದಲ್ಲಿ ಭೇಟಿ! ಬೇಲಿ ಸೇತುವೆ ಜೋಡಿಸುವುದು, ಸ್ಫೋಟಕದ ಲೆಕ್ಕ ಹಾಕುವುದು, ನೆಲದಲ್ಲಿ ಹೂತ ಮೈನು ಹುಡುಕಿ ತೆಗೆಯುವುದು, ನಕ್ಷೆ ಓದುವುದು ಇವೆಲ್ಲ ಕಲಿತರು. ಒಮ್ಮೆ ಪುಣೆಯ ಕಾಲೇಜ್ ಆಫ್ ಮಿಲಿಟರಿ ಎಂಜಿನಿಯರಿಂಗ್‌ಗೂ ಕೋರ್ಸಿಗೆ ಹೋಗಿಬಂದರು. ಸೇನೆಯ ವಾಹನಗಳ ಮುಂದೆ ಹಳದಿ ವೃತ್ತದಲ್ಲಿ ಕಪ್ಪು ಅಂಕಿ ಬರೆದಿರುತ್ತಾರಲ್ಲ, ಅದು ಏನೆಂದು ನನಗೆ ಹೇಳಿಕೊಟ್ಟವರು ಅವರೇ. ಅಂಥದೇ ಅಂಕಿ ಸೇತುವೆಗೂ ಇರುತ್ತದೆ. ಸೇತುವೆಯ ದರ್ಜೆಗಿಂತ ವಾಹನದ ದರ್ಜೆ ಹೆಚ್ಚಿದ್ದರೆ ದಾಟುವಂತಿಲ್ಲ. ಬಂಗಾರಪೇಟೆಗೆ ಹೋಗುವ ಬಸ್ಸಿನಲ್ಲಿ ಕೂತು, ದಾರಿಯ ಪ್ರತಿ ಮೋರಿಗೂ ಇದಕ್ಕೆ ಎಷ್ಟು ದರ್ಜೆ ಕೊಡಬಹುದು ಎಂದು ನನ್ನನ್ನು ಕೇಳುತ್ತಿದ್ದರು. ನಾನು ಆಮೇಲೆ ಬಿಇ ಓದಿದೆ. ಎಂಜಿನಿಯರಿಂಗ್ ಎಂಬುದರ ಮೊದಲ ಪಾಠ ನನಗೆ ಸಿಕ್ಕಿದ್ದು ಆ ಬಸ್ಸಿನ ಸೀಟಿನಲ್ಲಿ.

ನಮ್ಮಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಬ್ಲಾಸ್ಟರ್. ರಜೆಗೆ ಮಾವ ಬಂದಾಗ ಲೈನ್ ಮನೆಯ ಜಗಲಿಯಲ್ಲಿ ಇಬ್ಬರೂ ಕೂತರೆ ಮುಗಿಯಿತು. ಬಂಡೆಗೆ ಎಷ್ಟು ತೂತು, ಯಾವ ತೂತು ಮೊದಲು ಹಾರಬೇಕು, ಫ್ಯೂಸ್ ಎಷ್ಟುದ್ದ ಬಿಡಬೇಕು ಎಂದು ಅಪ್ಪ. ಸೇತುವೆಯ ಯಾವ ತೊಲೆಗೆ ಕಟ್ಟಿದರೆ ಪೂರ್ತಿ ಕುಸಿಯುತ್ತದೆ ಎಂದು ಮಾವ. "ನಮ್ದು ಮೈನು ಅಂದ್ರೆ ಅನ್ನ ಭಾವ, ನಿಮ್ದು ಮೈನು ಅಂದ್ರೆ ಸಾವು" ಎಂದು ಅಪ್ಪ ರೇಗಿಸುತ್ತಿದ್ದರು. ಅಮ್ಮನಿಗೆ ಇವರ ಮಾತು ಕೇಳಿದರೆ ಹೆದರಿಕೆ. "ಮಕ್ಕಳ ಮುಂದೆ ಬೇರೆ ಏನಾದ್ರೂ ಮಾತಾಡಿ" ಎನ್ನುತ್ತಿದ್ದರು.

ಇಬ್ಬರ ವಿದ್ಯೆಯೂ ಹೆಚ್ಚುಕಡಿಮೆ ಒಂದೇ. ಒಂದು ವ್ಯತ್ಯಾಸ ಮಾತ್ರ ಗೋಡೆಯ ಮೇಲೆ ಕಾಣುತ್ತಿತ್ತು. ಅಪ್ಪನ ಬ್ಲಾಸ್ಟರ್ ಸರ್ಟಿಫಿಕೇಟ್ ಚೌಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದ್ದರು. ಮಾವನ ಕೋರ್ಸ್ ರಿಪೋರ್ಟುಗಳು ಕಪ್ಪು ಟ್ರಂಕಿನ ತಳದಲ್ಲಿದ್ದವು.

ಗಣಿಯ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ಗಣಿ ಮುಚ್ಚಿದ ಮೇಲೆ ಹುಟ್ಟಿದ ನಮ್ಮೂರ ಮಕ್ಕಳಿಗೆ ಅದು ಗೊತ್ತಿರಲಿಕ್ಕಿಲ್ಲ. 1952ರ ಗಣಿ ಕಾಯ್ದೆ, ಅದರಡಿಯಲ್ಲಿ ಬಂದ 1961ರ ಲೋಹ ಗಣಿಗಳ ನಿಯಮಾವಳಿ, ಇವುಗಳ ಪ್ರಕಾರ ಕಲಿತದ್ದಕ್ಕೆ ಕಾಗದ ಬೇಕಾಗಿದ್ದು ಮೇಲಿನವರಿಗೆ ಮಾತ್ರ ಅಲ್ಲ. ಮ್ಯಾನೇಜರಿಗೂ ಸರ್ಟಿಫಿಕೇಟ್ ಬೇಕು, ಫೋರ್‌ಮನ್‌ಗೂ ಬೇಕು, ಮೇಟ್‌ಗೂ ಬೇಕು, ಮದ್ದು ಸಿಡಿಸುವ ಬ್ಲಾಸ್ಟರಿಗೂ ಬೇಕು. ಎಲ್ಲರೂ ಪರೀಕ್ಷೆಗೆ ಕೂರಬೇಕು. ಕೆಳಗಿನವನ ಸರ್ಟಿಫಿಕೇಟಿಗೂ ಮೇಲಿನವನ ಸರ್ಟಿಫಿಕೇಟಿಗೂ ಹಿಂದೆ ನಿಂತದ್ದು ಒಂದೇ ಕಾನೂನು. 2001ರ ಫೆಬ್ರುವರಿ 28ರಂದು ಬಿಜಿಎಂಎಲ್ ಮುಚ್ಚಿದಾಗ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಒಲೆ ಸರಿಯಾಗಿ ಉರಿಯಲಿಲ್ಲ. ಆದರೂ ಅಪ್ಪನ ಜೊತೆಯವರು ಕೆಲವರು ಅದೇ ಕಾಗದ ಹಿಡಿದು ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಗೆ ಹೋದರು. ಅಲ್ಲಿ ಯಾರೂ ಅವರನ್ನು 'ನಿನಗೆ ಏನು ಬರುತ್ತೆ' ಎಂದು ಮೊದಲಿನಿಂದ ಕೇಳಬೇಕಾಗಿರಲಿಲ್ಲ. ಅಪ್ಪ ಊರು ಬಿಡಲಿಲ್ಲ, ಅದು ಬೇರೆ ಕಥೆ.

ಇನ್ನೂ ಹಿಂದಕ್ಕೆ ಹೋದರೆ ನಮ್ಮೂರಿನ ಕಥೆಯಲ್ಲೇ ಈ ಪ್ರಶ್ನೆ ಇದೆ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬ ಸೇನಾಧಿಕಾರಿ ಮೈಸೂರಿನ ಗಡಿಯ ಸರ್ವೆಗೆ ಈ ಕಡೆ ಬಂದ. ಇಲ್ಲಿ ಚಿನ್ನ ಸಿಗುತ್ತದೆ ಎಂಬ ಸುದ್ದಿ ಕೇಳಿ, ತೋರಿಸಿದವರಿಗೆ ಇನಾಮು ಎಂದು ಸಾರಿಸಿದ. ಊರಿಗಾಂನ ಜನ ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು, ಅವನ ಮುಂದೆಯೇ ತೊಳೆದು ಚಿನ್ನದ ಪುಡಿ ತೋರಿಸಿದರು. ಯಾವ ಮಣ್ಣು, ಎಷ್ಟು ನೀರು, ಹೇಗೆ ತೊಳೆದರೆ ಚಿನ್ನ ನಿಲ್ಲುತ್ತದೆ ಎಂಬ ವಿದ್ಯೆ ಅವರದು. ಇತಿಹಾಸದಲ್ಲಿ ಉಳಿದ ಹೆಸರು ವಾರೆನ್‌ನದು. ಸುಮಾರು 70 ವರ್ಷದ ಮೇಲೆ, ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ ಎಂಬ ಐರಿಷ್ ಸೈನಿಕ ಆ ವಾರೆನ್ ಬರೆದಿಟ್ಟದ್ದನ್ನು ಓದಿದ. 1871ರಲ್ಲಿ ಎತ್ತಿನ ಗಾಡಿ ಹತ್ತಿ ಬಂದ. 1875ರಲ್ಲಿ ಅವನಿಗೆ ಗಣಿ ಅಗೆಯುವ ಪರವಾನಗಿ ಸಿಕ್ಕಿತು. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದೇ. ಆಮೇಲೆ 1880ರಲ್ಲಿ ಜಾನ್ ಟೇಲರ್ ಕಂಪನಿ, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು, ಇದೆಲ್ಲ ನಮ್ಮ ಪ್ರತಿ ಸಂಚಿಕೆಯಲ್ಲೂ ಬರುತ್ತದೆ, ಬಿಡಿ. ನಾನು ಹೇಳಹೊರಟದ್ದು ಇಷ್ಟೇ: ಕೆಲಸವಿಲ್ಲದೆ ಕೂತಿದ್ದ ಒಬ್ಬ ನಿವೃತ್ತ ಸೈನಿಕ ಓದಿದ್ದರಿಂದ ಹುಟ್ಟಿದ ಊರು ನಮ್ಮದು.

ಈಗ ಸೇನೆಗೆ ಬರೋಣ. ಯಾರ ಎದೆಗೆ ಯಾವ ಪಟ್ಟಿ ಎಂಬುದು ಎಂದೂ ಸರಳವಾಗಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿ 1837ರಲ್ಲಿ ಶೌರ್ಯಕ್ಕಾಗಿ ಇಂಡಿಯನ್ ಆರ್ಡರ್ ಆಫ್ ಮೆರಿಟ್ ಆರಂಭಿಸಿತು. ಅದು ಭಾರತೀಯ ಸಿಪಾಯಿಗಳಿಗೆ. ವಿಕ್ಟೋರಿಯಾ ಕ್ರಾಸ್ ನಮ್ಮವರಿಗೂ ಸಿಗಬಹುದು ಎಂದಾದದ್ದು 1911ರಲ್ಲಿ. ಬ್ರಿಟಿಷರ ಸೇನೆಯ ಒಳಗೂ ಭೇದವಿತ್ತು. ಒಂದೇ ಬಗೆಯ ಧೈರ್ಯಕ್ಕೆ ಅಧಿಕಾರಿಯಾದರೆ ಮಿಲಿಟರಿ ಕ್ರಾಸ್, ಸಾಮಾನ್ಯ ಸೈನಿಕನಾದರೆ ಮಿಲಿಟರಿ ಮೆಡಲ್. ಈ ಎರಡು ಅಳತೆಯನ್ನು ಅವರು ಬಿಟ್ಟದ್ದು 1993ರಲ್ಲಿ.

ನಾವು ಆ ಕೆಲಸವನ್ನು 43 ವರ್ಷ ಮೊದಲೇ ಮಾಡಿದ್ದೆವು. 1950ರ ಜನವರಿ 26ರಂದು ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಸ್ಥಾಪನೆಯಾದಾಗ ದರ್ಜೆಯ ಪ್ರಶ್ನೆಯೇ ಬರಲಿಲ್ಲ. ಮೇಜರ್‌ಗೂ ಸಿಪಾಯಿಗೂ ಒಂದೇ ಪದಕ, ಒಂದೇ ಬಣ್ಣ. ಹೊಸ ಗಣರಾಜ್ಯ ತನ್ನ ಮೊದಲ ದಿನವೇ ಮಾಡಿದ ಈ ಕೆಲಸದ ಬಗ್ಗೆ ನಾವು ಅಷ್ಟಾಗಿ ಮಾತಾಡುವುದಿಲ್ಲ.

ಪರಮವೀರ ಚಕ್ರ ಪಡೆದವರಲ್ಲಿ ನಮ್ಮ ರಾಜ್ಯದ ನೆಲದಲ್ಲಿ ಹುಟ್ಟಿದವರು ರಾಮ ರಾಘೋಬ ರಾಣೆ. ಕಾರವಾರದ ಬಳಿಯ ಚೆಂಡಿಯಾ ಅವರ ಊರು. 1918ರಲ್ಲಿ ಜನನ. 1940ರಲ್ಲಿ ಬಾಂಬೆ ಎಂಜಿನಿಯರ್ಸ್‌ಗೆ ಸಾಮಾನ್ಯ ಸೈನಿಕನಾಗಿ ಸೇರಿದರು. ತರಬೇತಿಯಲ್ಲಿ ಅತ್ಯುತ್ತಮ ರಿಕ್ರೂಟ್ ಎನಿಸಿ ಕಮಾಂಡೆಂಟರ ಬೆತ್ತ ಪಡೆದರು. ಕಲಿಕೆಗೆ ಸಿಕ್ಕ ಗೌರವ ಅದು. ಆದರೆ ಬೆತ್ತವನ್ನು ಎದೆಗೆ ಹಾಕಿಕೊಳ್ಳಲಾಗದು. ಬರ್ಮಾ ಗಡಿಯ ಯುದ್ಧದಲ್ಲಿ ದುಡಿದು ಹವಾಲ್ದಾರರಾದರು, 1947ರ ಡಿಸೆಂಬರ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ನಮ್ಮ ಟ್ಯಾಂಕುಗಳು ಮುಂದೆ ಹೋಗಲಾರದೆ ನಿಂತವು. ದಾರಿ ತುಂಬ ಮೈನು, ಅಡ್ಡಕ್ಕೆ ಉರುಳಿಸಿದ ಪೈನ್ ಮರಗಳು. ಮೊದಲ ದಿನವೇ ಅವರ ತಂಡದ ಇಬ್ಬರು ಸತ್ತರು, ರಾಣೆಯೂ ಸೇರಿ ಐವರಿಗೆ ಗಾಯವಾಯಿತು. ಆದರೂ ಬಿಡದೆ ಮೈನು ತೆಗೆದರು. ಗುಂಡಿನ ಮಳೆಯಲ್ಲಿ ಟ್ಯಾಂಕಿನ ಅಡಿಯಲ್ಲೇ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಕೊಡುತ್ತಾ ದಾರಿ ಮಾಡಿಕೊಟ್ಟರು.

ಅವರ ಶೌರ್ಯಕ್ಕೆ ಕೊಟ್ಟ ಪದಕದ ಬಗ್ಗೆ ಯಾರ ತಕರಾರೂ ಇಲ್ಲ. ಆದರೆ ಆ ನಾಲ್ಕು ದಿನ ಕೆಲಸಕ್ಕೆ ಬಂದದ್ದು ಧೈರ್ಯ ಒಂದೇ ಅಲ್ಲ. ಮೈನು ಹೇಗೆ ಹೂಳುತ್ತಾರೆ, ಎಲ್ಲಿ ಹೂತಿರಬಹುದು, ಹೇಗೆ ಬಿಚ್ಚಬೇಕು ಎಂದು ಏಳೆಂಟು ವರ್ಷ ಸಿಪಾಯಿಯಾಗಿ, ನಾಯಕ್ ಆಗಿ, ಹವಾಲ್ದಾರನಾಗಿ ಕಲಿತ ವಿದ್ಯೆಯೂ ಇತ್ತು. ಮಾವನ ಬಳಿ ಒಮ್ಮೆ ಇದನ್ನು ಕೇಳಿದ್ದೆ. "ಧೈರ್ಯ ಇದ್ದು ಕೆಲಸ ಗೊತ್ತಿಲ್ದೋನು ಮೈನ್‌ಫೀಲ್ಡಲ್ಲಿ ಪಕ್ಕದಲ್ಲಿದ್ರೆ ನಮಗೇ ಭಯ" ಎಂದಿದ್ದರು.

ಅಧಿಕಾರಿಗಳ ಕಲಿಕೆಗೂ ಒಂದು ಕಾಲದಲ್ಲಿ ಮನ್ನಣೆ ಸುಲಭವಾಗಿರಲಿಲ್ಲ. ಕೊಡಗಿನ ಕಾರ್ಯಪ್ಪನವರು 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜು ಸೇರಿದ ಮೊದಲ ಭಾರತೀಯ ಅಧಿಕಾರಿ. ಅಲ್ಲಿ ಓದಿ ಬಂದವರಿಗೆ ಸ್ಟಾಫ್ ಹುದ್ದೆ ಕೊಡುವುದು ವಾಡಿಕೆ. ಕಾರ್ಯಪ್ಪನವರು ಅದಕ್ಕಾಗಿ 1936ರವರೆಗೆ ಕಾಯಬೇಕಾಯಿತು. ಅದೇ ಮನುಷ್ಯ 1949ರ ಜನವರಿ 15ರಂದು ಇಡೀ ಸೇನೆಯ ದಂಡನಾಯಕರಾದರು.

ಸ್ವಾತಂತ್ರ್ಯದ ನಂತರ ಅಧಿಕಾರಿಗಳ ಮಟ್ಟಿಗೆ ಈ ಲೆಕ್ಕ ಸರಿಯಾಯಿತು ಎನ್ನಬಹುದು. ನ್ಯಾಷನಲ್ ಡಿಫೆನ್ಸ್ ಅಕಾಡೆಮಿಯಲ್ಲಿ ಓದಿದ ಕೆಡೆಟ್‌ಗೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪದವಿ. ನೀಲಗಿರಿಯ ವೆಲಿಂಗ್ಟನ್‌ನ ಸ್ಟಾಫ್ ಕಾಲೇಜು ಮುಗಿಸಿದವರಿಗೆ ಮದ್ರಾಸ್ ವಿಶ್ವವಿದ್ಯಾಲಯದ ಎಂಎಸ್ಸಿ, ಹೆಸರಿನ ಮುಂದೆ ಪಿಎಸ್‌ಸಿ ಎಂಬ ಮೂರಕ್ಷರ. ನಿವೃತ್ತರಾಗಿ ಹೊರಬಂದರೆ ಈ ಪದವಿಗಳು ಯಾವ ಕಂಪನಿಯ ಮ್ಯಾನೇಜರಿಗೂ ಅರ್ಥವಾಗುತ್ತವೆ. ಅವರು ಕಷ್ಟಪಟ್ಟು ಓದಿ ಗಳಿಸಿದ್ದು, ಅದರಲ್ಲಿ ಎರಡು ಮಾತಿಲ್ಲ.

ಜವಾನರ ಕಡೆ ಬನ್ನಿ. ಅವರಿಗೂ ಓದು ಇದೆ. ಆರ್ಮಿ ಸರ್ಟಿಫಿಕೇಟ್ ಆಫ್ ಎಜುಕೇಷನ್ ಎಂದು ಥರ್ಡ್, ಸೆಕೆಂಡ್, ಫಸ್ಟ್ ಎಂಬ ಮೆಟ್ಟಿಲುಗಳಿವೆ. ನಕ್ಷೆ ಓದುವ ಪರೀಕ್ಷೆ ಇದೆ. ಬಡ್ತಿಗೆ ಮೊದಲು ಪ್ರಮೋಷನ್ ಕೇಡರ್ ಇದೆ. ಇವುಗಳ ಮೇಲೆ ಕಸುಬಿನ ಕೋರ್ಸುಗಳು. 'ಇವೆಲ್ಲ ಬಡ್ತಿಗಾಗಿ ತಾನೇ? ಬಡ್ತಿಯೇ ಅದಕ್ಕೆ ಬಹುಮಾನ, ಭುಜದ ಮೇಲೆ ಪಟ್ಟಿ ಬರುತ್ತಲ್ಲ, ಎದೆಯ ಮೇಲೆ ಇನ್ನೊಂದು ಯಾಕೆ?' ಎಂದು ಕೇಳುವವರಿದ್ದಾರೆ. ಕೇಳಲು ಸರಿಯಾಗಿಯೇ ಇದೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ.

ಆದರೆ ಬಡ್ತಿ ಸಿಗುವುದು ಕಲಿತದ್ದರಿಂದ ಮಾತ್ರ ಅಲ್ಲ, ಜಾಗ ಖಾಲಿ ಇದ್ದರೆ. ಮಾವ ನಾಯಬ್ ಸುಬೇದಾರ್ ಆಗಲು ಬೇಕಾದ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ್ದರು. ಮುಂದಿದ್ದವರು ಹೆಚ್ಚಿದ್ದರು, ಖಾಲಿ ಜಾಗ ಕಡಿಮೆ ಇತ್ತು, ಸೇವೆಯ ಅವಧಿ ಮುಗಿಯಿತು. ಹವಾಲ್ದಾರರಾಗಿಯೇ ಮನೆಗೆ ಬಂದರು. ಇದರಲ್ಲಿ ಯಾರದೂ ತಪ್ಪಿಲ್ಲ. ಪಿರಮಿಡ್ಡಿನ ಆಕಾರದ ಸಂಸ್ಥೆಯಲ್ಲಿ ಹೀಗೆಯೇ ಆಗುವುದು. ಆದರೆ ಆ ಪರೀಕ್ಷೆ ಪಾಸು ಮಾಡಿದ ಹವಾಲ್ದಾರನಿಗೂ ಮಾಡದ ಹವಾಲ್ದಾರನಿಗೂ ಹೊರಗೆ ನೋಡಲು ವ್ಯತ್ಯಾಸವೇ ಇಲ್ಲ. ಖಾಲಿ ಜಾಗವನ್ನು ಸೇನೆ ಸೃಷ್ಟಿಸಲಾಗದು. ಕಲಿತದ್ದನ್ನು ಗುರುತಿಸಲು ಅದಕ್ಕೆ ಬೇಕಾದದ್ದು ಒಂದೂವರೆ ಇಂಚಿನ ಬಟ್ಟೆ.

ಇನ್ನೊಂದು ಸೂಕ್ಷ್ಮ ಇದೆ. ಮೆಟ್ರಿಕ್ ಓದಿ 15 ವರ್ಷ ಸೇವೆ ಮಾಡಿದ ಮಾಜಿ ಸೈನಿಕನನ್ನು ಕೇಂದ್ರ ಸರ್ಕಾರದ ಕೆಲವು ಸಿ ಗುಂಪಿನ ಹುದ್ದೆಗಳಿಗೆ ಪದವೀಧರನ ಸಮಾನ ಎಂದು ಪರಿಗಣಿಸುತ್ತಾರೆ. ಒಳ್ಳೆಯ ನಿಯಮ. ಆದರೆ ಅಲ್ಲೂ ಎಣಿಸುವುದು ವರ್ಷಗಳನ್ನೇ. ಪಾಕಶಾಲೆಯಲ್ಲಿ 15 ವರ್ಷ, ಸೇತುವೆ ಕಟ್ಟಿ 15 ವರ್ಷ, ಎರಡೂ ಒಂದೇ. ಬಾಣಸಿಗನೂ ತನ್ನ ಕಸುಬನ್ನು ಕಲಿತೇ ಇರುತ್ತಾನೆ, ಅವನದೂ ಯಾರಿಗೂ ಕಾಣುವುದಿಲ್ಲ.

2004ರ ಕೊನೆಯಲ್ಲಿ ಮಾವ ಬೆಂಗಳೂರಿನ ಒಂದು ಕಟ್ಟಡ ಕಂಪನಿಗೆ ಕೆಲಸ ಕೇಳಿಕೊಂಡು ಹೋದರು. ಟ್ರಂಕಿನ ತಳದ ಕಾಗದಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಜೋಡಿಸಿಕೊಂಡಿದ್ದರು. ಅಲ್ಲಿದ್ದ ಹುಡುಗ ಫೈಲು ತಿರುವಿ, "ಡಿಪ್ಲೊಮಾ ಇದೆಯಾ ಅಂಕಲ್?" ಎಂದನಂತೆ. ಇಲ್ಲ. "ಐಟಿಐ?" ಇಲ್ಲ. "ಹಾಗಾದ್ರೆ ಎಜುಕೇಷನ್ ಕಾಲಂನಲ್ಲಿ ಎಸ್ಸೆಸ್ಸೆಲ್ಸಿ ಅಂತ ಬರೀತೀನಿ." ಆಮೇಲೆ ಮೃದುವಾಗಿ, ಸೆಕ್ಯುರಿಟಿ ಕೆಲಸ ಖಾಲಿ ಇದೆ ಎಂದನಂತೆ. ಮಾವ 11 ವರ್ಷ ಬೇರೆ ಬೇರೆ ಕಡೆ ಸೆಕ್ಯುರಿಟಿ ಕೆಲಸ ಮಾಡಿದರು. ಮಾರಿಕುಪ್ಪಂನಿಂದ ಬೆಳಗಿನ ಜಾವದ ರೈಲು ಹತ್ತಿ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ ನಮ್ಮೂರ ಸಾವಿರಾರು ಜನರಲ್ಲಿ ಅವರೂ ಒಬ್ಬರು. ಆ ರೈಲಿನ ಪರಿಚಯ ಈ ಸಂಚಿಕೆ ಓದುವ ಯಾರಿಗೂ ಮಾಡಿಕೊಡಬೇಕಾಗಿಲ್ಲ.

ನಾನು ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಟೆಕ್ ಪಾರ್ಕಿನ ಗೇಟಿನಲ್ಲೂ ಇಬ್ಬರು ಮಾಜಿ ಸೈನಿಕರಿದ್ದರು. ನಾನು ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಂಡು ಒಳಗೆ ಹೋಗುವಾಗ ನನಗಿಂತ ಮೂವತ್ತು ವರ್ಷ ದೊಡ್ಡವರು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆಯುತ್ತಿದ್ದರು. ಮೊದಲ ವಾರ ನನಗೆ ತಲೆ ಎತ್ತಿ ನೋಡಲಾಗಲಿಲ್ಲ. ಒಳಗೆ ಹೋದರೆ ನಮ್ಮ ಲೋಕವೇ ಬೇರೆ. ಎರಡು ಗಂಟೆಯ ಆನ್‌ಲೈನ್ ಕೋರ್ಸ್ ಮುಗಿಸಿದರೆ ಒಂದು ಬ್ಯಾಡ್ಜ್ ಬರುತ್ತದೆ. ಅದನ್ನು ಇಮೇಲ್‌ನ ಕೆಳಗೆ ಅಂಟಿಸಿಕೊಳ್ಳುತ್ತೇವೆ. ನನ್ನ ಬಳಿ ಅಂಥವು ಹನ್ನೊಂದು ಇವೆ. ಅವುಗಳಲ್ಲಿ ಎರಡರ ವಿಷಯ ಏನೆಂದು ಈಗ ಕೇಳಿದರೆ ನನಗೆ ನೆನಪಿಲ್ಲ!

ಹಾಗಾದರೆ ಬೇರೆ ದೇಶಗಳಲ್ಲಿ ಇಂಥ ರಿಬ್ಬನ್ ಇದೆಯೇ? ಇದೆ. ಅಮೆರಿಕದ ವಾಯುಪಡೆ 1962ರಲ್ಲೇ ವೃತ್ತಿ ಶಿಕ್ಷಣ ಮುಗಿಸಿದ ನಾನ್ ಕಮಿಷನ್ಡ್ ಅಧಿಕಾರಿಗಳಿಗೆ, ಅಂದರೆ ನಮ್ಮ ನಾಯಕ್, ಹವಾಲ್ದಾರರಂಥವರಿಗೆ, ಒಂದು ರಿಬ್ಬನ್ ಕೊಟ್ಟಿತು. ಅವರ ಭೂಸೇನೆ 1981ರಲ್ಲಿ ಹಾಗೇ ಮಾಡಿತು. ಮೇಲಿನ ಹಂತದ ಕೋರ್ಸ್ ಮುಗಿಸಿದಂತೆ ಅದೇ ಪಟ್ಟಿಯ ಮೇಲೆ ಅಂಕಿ ಬದಲಾಗುತ್ತದೆ. ಇದು ನೋಡಿದಾಗ ನನಗೆ ಖುಷಿಯಾಯಿತು. ಆಮೇಲೆ ಗಮನಿಸಿದೆ: ಈ ಪಟ್ಟಿ ಕಮಿಷನ್ಡ್ ಅಧಿಕಾರಿಗಳಿಗೆ ಇಲ್ಲ. ನಮ್ಮಲ್ಲಿ ಮೇಲಿನವರ ಓದು ಕಾಣುತ್ತದೆ, ಕೆಳಗಿನವರದು ಕಾಣದು. ಅಲ್ಲಿ ಕೆಳಗಿನವರಿಗೆ ಒಂದು ಪಟ್ಟಿ ಕೊಟ್ಟು ಮೇಲಿನವರನ್ನು ಬಿಟ್ಟಿದ್ದಾರೆ. ಇದೂ ನನಗೆ ಒಪ್ಪಿಗೆಯಾಗಲಿಲ್ಲ. ಹವಾಲ್ದಾರರಿಗೆ ಮಾತ್ರ ಎಂದು ಮಾಡಿದ ಪಟ್ಟಿ ಬೇಗ 'ಹವಾಲ್ದಾರರ ಪಟ್ಟಿ' ಆಗಿಬಿಡುತ್ತದೆ. ಕರ್ನಲ್ಲನ ಎದೆಯ ಮೇಲೂ ಸಿಪಾಯಿಯ ಎದೆಯ ಮೇಲೂ ಅದೇ ಬಣ್ಣ ಇದ್ದರೆ ಮಾತ್ರ ಅದಕ್ಕೆ ತೂಕ. 9 ವರ್ಷದ ಪದಕ ಹಾಗೇ ಇದೆಯಲ್ಲ, ಇಬ್ಬರಿಗೂ ಒಂದೇ.

ನನ್ನ ವಾದವನ್ನು ಮಾವನ ಮುಂದಿಟ್ಟೆ. ಅವರು ಒಪ್ಪುತ್ತಾರೆ ಎಂದುಕೊಂಡಿದ್ದೆ. ಒಪ್ಪಲಿಲ್ಲ.

"ಕ್ಲಾಸಲ್ಲಿ ಫ್ಯಾನ್ ಕೆಳಗೆ ಕೂತೋನಿಗೂ ಪಟ್ಟಿ, ಮೈನ್ ಮೇಲೆ ಕೂತೋನಿಗೂ ಪಟ್ಟಿ ಅಂದ್ರೆ ಹೇಗೋ? ಪರಾಕ್ರಮ್‌ನಲ್ಲಿ ನಾವು ಹೂತಿದ್ದ ಮೈನು ವಾಪಸ್ ತೆಗೀವಾಗ ನಮ್ಮ ಹುಡುಗ ಒಬ್ಬನ ಕಾಲು ಹೋಯ್ತು. ಅವನ ಎದೆ ಮೇಲಿರೋದ್ರ ಪಕ್ಕ ಇದನ್ನ ಇಡ್ತೀಯಾ?"

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ನಿಜವಾದ ಆಕ್ಷೇಪ ಇದೇ. ಉಳಿದ ಆಕ್ಷೇಪಗಳೆಲ್ಲ, ಎದೆ ತುಂಬಿ ಹೋಗುತ್ತೆ, ಖರ್ಚು, ಇತ್ಯಾದಿ, ಹಗುರವಾದವು. ಆದರೆ ಪದಕಗಳಿಗೆ ಒಂದು ಕ್ರಮ ಇದೆ. ಪರಮವೀರ ಚಕ್ರದ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ದೀರ್ಘ ಸೇವೆಯ ಪದಕಗಳು ಎಷ್ಟೋ ಕೆಳಗೆ. ಕಲಿಕೆಯ ಪಟ್ಟಿ ಅವುಗಳಿಗಿಂತಲೂ ಕೆಳಗೆ, ಎಲ್ಲಕ್ಕಿಂತ ಕೊನೆಯಲ್ಲಿ ಇರಲಿ. ಒಂದೇ ಪಟ್ಟಿ ಇರಲಿ, ಹಂತ ಏರಿದರೆ ಅಂಕಿ ಮಾತ್ರ ಬದಲಾಗಲಿ. ಹಾಜರಾತಿಗೆ ಕೊಡಬಾರದು, ಪರೀಕ್ಷೆ ಪಾಸಾದರೆ ಮಾತ್ರ. ಹೀಗೆ ಹೇಳಿದೆ. 1997ರಲ್ಲಿ ಸೇವೆಯಲ್ಲಿದ್ದರು ಎಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಪದಕ ಕೊಟ್ಟರಲ್ಲ, ಆ ಹುಡುಗನ ಪದಕದ ಪಕ್ಕ ಅದು ಕೂತಿಲ್ಲವೇ ಎಂದೂ ಕೇಳಿದೆ.

ಮಾವ ಉತ್ತರ ಕೊಡಲಿಲ್ಲ. "ಪಟ್ಟಿ ಇದ್ದಿದ್ರೆ ಆ ಕಂಪನಿ ಹುಡುಗ ಕೆಲ್ಸ ಕೊಟ್ಟಿರ್ತಿದ್ನಾ?" ಎಂದರು.

ಕೊಡುತ್ತಿರಲಿಲ್ಲ. ಅವನಿಗೆ ರಿಬ್ಬನ್ ಓದಲು ಬರುತ್ತಿರಲಿಲ್ಲ. ಹೊರಗಿನ ಜಗತ್ತಿಗೆ ಬೇಕಾದದ್ದು ಪದವಿ ಪತ್ರ. ಆ ದಿಕ್ಕಿನಲ್ಲಿ ಸ್ವಲ್ಪ ಕೆಲಸ ನಡೆದಿದೆ. 2009ರ ಸುಮಾರಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಮತ್ತು ಸೇನೆ ಸೇರಿ ಜ್ಞಾನದೀಪ ಎಂಬ ಯೋಜನೆ ಮಾಡಿ, ಜವಾನರು ಸೇವೆಯಲ್ಲಿ ಪಡೆದ ತರಬೇತಿಯನ್ನೇ ಓದಿನ ಲೆಕ್ಕಕ್ಕೆ ಹಿಡಿಯಲು ಶುರುಮಾಡಿದವು. ಮಾವ ಅಷ್ಟರಲ್ಲಿ ಗೇಟಿನಲ್ಲಿ ನಿಂತು ಐದು ವರ್ಷವಾಗಿತ್ತು. 2022ರಲ್ಲಿ ಅಗ್ನಿಪಥ ಬಂದಾಗ, ಅಗ್ನಿವೀರರ ತರಬೇತಿಗೆ ಪದವಿಯ ಅರ್ಧದಷ್ಟು ಕ್ರೆಡಿಟ್ ಕೊಡುವುದಾಗಿ ಅದೇ ವಿಶ್ವವಿದ್ಯಾಲಯದ ಮೂಲಕ ಏರ್ಪಾಡು ಘೋಷಣೆಯಾಯಿತು.

ನಮ್ಮೂರಿಗೆ ಇದು ದೂರದ ವಿಷಯವಲ್ಲ. ಬೆಳಗ್ಗೆ ಐದಕ್ಕೆ ಸೈನೈಡ್ ದಿಬ್ಬಗಳ ಪಕ್ಕದ ರಸ್ತೆಯಲ್ಲಿ ಹೋಗಿ ನೋಡಿ, ಭರ್ತಿಗಾಗಿ ಓಡುವ ಹುಡುಗರು ಕಾಣುತ್ತಾರೆ. ಅವರಲ್ಲಿ ಈ ಶಾಲೆಯವರೂ ಇದ್ದಾರೆ. ಆಯ್ಕೆಯಾದರೆ ನಾಲ್ಕು ವರ್ಷ ಸೇವೆ. ಆಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ನೂರಕ್ಕೆ 25 ಜನರನ್ನು. ಉಳಿದವರು ಇಪ್ಪತ್ತೈದು ತುಂಬುವುದರೊಳಗೆ ಆಂಡರ್ಸನ್‌ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಾರೆ. 9 ವರ್ಷದ ಪದಕಕ್ಕೂ ಅವರಿಗೆ ಅವಧಿ ಸಾಲದು. ವರ್ಷ ಎಣಿಸುವ ಪಟ್ಟಿಗಳು ಅವರ ಎದೆಗೆ ಬರುವುದೇ ಇಲ್ಲ. ಅವರ ಬಳಿ ಇರುವುದು ಕಲಿತದ್ದು ಮಾತ್ರ. ಪದವಿ ಪತ್ರ ಫೈಲಿನಲ್ಲಿರಲಿ, ಅದು ಬೇಕೇ ಬೇಕು. ಆದರೆ ಸಮವಸ್ತ್ರ ತೊಟ್ಟಿರುವಷ್ಟು ದಿನ, ಪಕ್ಕದಲ್ಲಿ ನಿಂತ ಅಧಿಕಾರಿಯ ಎದೆಯ ಮೇಲಿರುವ ಬಣ್ಣವೇ ತನ್ನ ಎದೆಯ ಮೇಲೂ ಇದೆ ಎಂದು ಆ ಹುಡುಗನಿಗೆ ಗೊತ್ತಿರುವುದು ಬೇರೆ ಮಾತು. ರಜೆಗೆ ಬಂದಾಗ ಈ ಶಾಲೆಗೆ ಕರೆದರೆ, ಒಂಬತ್ತನೇ ತರಗತಿಯ ಯಾರೋ ಒಬ್ಬ ಕೈ ಎತ್ತಿ ಕೇಳಿದರೆ, ಬೆರಳಿಟ್ಟು ತೋರಿಸಲು ಒಂದು ಇರುತ್ತದೆ.

ಈ ಲೇಖನವನ್ನು ಕೊಡುವ ಮೊದಲು ಮಾವನಿಗೆ ಓದಿ ಹೇಳಿದೆ. ಅವರಿಗೀಗ ಕಣ್ಣು ಸ್ವಲ್ಪ ಮಂದ. ಪದಕದ ಮಾತು, ಕಂಪನಿಯ ಹುಡುಗನ ಮಾತು ಎಲ್ಲ ಸುಮ್ಮನೆ ಕೇಳಿಸಿಕೊಂಡರು. ಒಂದು ಕಡೆ ಮಾತ್ರ ಕೈ ಎತ್ತಿ ನಿಲ್ಲಿಸಿದರು. ಹಳದಿ ವೃತ್ತದ ಅಂಕಿಯನ್ನು ನಾನು 'ವಾಹನದ ತೂಕ' ಎಂದು ಬರೆದಿದ್ದೆ.

"ತೂಕ ಅಲ್ವೋ, ದರ್ಜೆ. ಅಚ್ಚಿನಿಂದ ಅಚ್ಚಿಗೆ ಎಷ್ಟು ಅಂತರ ಅನ್ನೋದೂ ಸೇರುತ್ತೆ. ಎಷ್ಟು ಸಲ ಹೇಳ್ಕೊಟ್ಟಿದೀನಿ ನಿಂಗೆ. ತಿದ್ದು ಅದನ್ನ."

ತಿದ್ದಿದ್ದೇನೆ.